ಮರಳಿ ಹೊಲಕ್ಕೆ, ಮರಳಿ ಜನರ ನಡುವೆ

ಘಟಪ್ರಭೆಯ ನೀರುಂಡು ಬೆಳೆಯುವ ನಾಡು ಗೋಕಾಕ, ಮೂಡಲಗಿ, ಹುಕ್ಕೇರಿಗಳದು. ಕಬ್ಬು, ಗೋವಿನಜೋಳಗಳ ಹಸುರು ಇಲ್ಲಿ ಕಣ್ಣು ತುಂಬುತ್ತದೆ. ಮನುಷ್ಯನ ಬೆಲೆಯನ್ನು ದುಡಿಮೆಯಿಂದಲೇ ಅಳೆಯುವ ಇಂತಹ ಒಕ್ಕಲುನಾಡಿನಲ್ಲಿ, ಮನಸ್ಸಿನ ಬೇನೆಯಿಂದ ಮೂಲೆ ಹಿಡಿದವನ ಗತಿಯೇನು? ಬೇನೆಯು ಅವನ ನಿದ್ರೆಯನ್ನು ಕಸಿದರೆ, ನೆರೆಹೊರೆಯವರು ಅವನ ಹೆಸರನ್ನೇ ಕಸಿದು 'ಹುಚ್ಚ'ನೆಂದು ಕರೆಯುತ್ತಾರೆ. ಮದುವೆಗೆ ಕರೆಯುವವರಿಲ್ಲ, ಕಳೆ ತೆಗೆಯಲು ಕರೆಯುವವರೂ ಇಲ್ಲ.

ಮೊದಲು ಬೇಕಾದುದು ವೈದ್ಯನ ನೆರವು, ಅದರಲ್ಲಿ ಸಂದೇಹವಿಲ್ಲ. ಈ ಭಾಗದವರಿಗೆ ಪರಿಚಿತವಾದ ಧಾರವಾಡದ ಮಾನಸಿಕ ಆಸ್ಪತ್ರೆ 1845ರಷ್ಟು ಹಳೆಯದು. ಇಂದು ಅದು ಡಿಮ್ಹಾನ್ಸ್ ಎನಿಸಿದೆ. ಆ ಕಾಲದಲ್ಲಿ ಆರೈಕೆಯೆಂದರೆ ಗೋಡೆಯೊಳಗಣ ವಾಸ. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿಯಿತ್ತು, ರೋಗಿಯ ಊರಿನ ಸಮೀಪದಲ್ಲಿಯೇ ಚಿಕಿತ್ಸೆ ಸಾಧ್ಯವೆಂಬುದನ್ನು ತೋರಿಸಿಕೊಟ್ಟಿತು. ಆ ಮಾದರಿಯನ್ನನುಸರಿಸಿ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ದೇಶದಲ್ಲಿ ಆರಂಭವಾಯಿತು.

ಆದರೆ ಗುಳಿಗೆಯು ಬೇನೆಯನ್ನು ಶಮನಗೊಳಿಸೀತು; ಜನರ ನಡುವೆ ಸ್ಥಾನವನ್ನು ಕೊಡಲಾರದು. ಅದನ್ನು ಕೊಡಬಲ್ಲುದು ಹೊಲ. ಹೊತ್ತಿಗೆ ಸರಿಯಾಗಿ ಎಮ್ಮೆಗೆ ಮೇವು ಹಾಕಬೇಕು. ಹಾಕುವವನ ದಿನಕ್ಕೂ ಒಂದು ಕ್ರಮ ಬರುತ್ತದೆ. ನಾಟಿದ ಸಸಿ ಚಿಗುರುವುದನ್ನು ಅವನೇ ಕಾಣುತ್ತಾನೆ. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಪಕ್ಕದಲ್ಲಿ ನಾಲ್ವರಿರುತ್ತಾರೆ. ಎಚ್ಚರಿಕೆಗಳೂ ಉಂಟು: ಗುಳಿಗೆಯಿಂದ ಮಂಪರು ಬರುವವನನ್ನು ಮೇವು ಕತ್ತರಿಸುವ ಯಂತ್ರದ ಮುಂದೆ ನಿಲ್ಲಿಸಕೂಡದು, ಕೀಟನಾಶಕವು ಬೀಗದೊಳಗಿರಬೇಕು, ಮೈ ಸುಧಾರಿಸಿತೆಂದು ಔಷಧವನ್ನು ತಾವಾಗಿಯೇ ನಿಲ್ಲಿಸಬಾರದು.

ಇದು ಹೊಸ ಕನಸೇನೂ ಅಲ್ಲ. ಬೆಲ್ಜಿಯಂ ದೇಶದ ಗೇಲ್ ಎಂಬ ಊರಿನ ಒಕ್ಕಲು ಮನೆಗಳು ಶತಮಾನಗಳ ಹಿಂದೆಯೇ ಮನೋರೋಗಿಗಳನ್ನು ತಮ್ಮೊಡನೆ ಇರಿಸಿಕೊಂಡು, ಮನೆಯ ಕೆಲಸ ಹೊಲದ ಕೆಲಸಗಳಲ್ಲಿ ಜೊತೆಗೂಡಿಸಿಕೊಂಡವು. ಅಲ್ಲಿ ಬೇಸಾಯ ಇಂದು ಕಡಿಮೆಯಾಗಿದೆ. ಅತಿಥಿಗಳನ್ನು ಮನೆಯವರಂತೆ ಕಾಣುವ ಪದ್ಧತಿ ಮಾತ್ರ ಉಳಿದಿದೆ.

ಇಲ್ಲಿ ಒಂದು ಅಪಾಯವನ್ನು ಮರೆಯಲಾಗದು. ಕೂಲಿಯಿಲ್ಲದೆ ದುಡಿಸಿಕೊಂಡು ಅದಕ್ಕೆ ಆರೈಕೆಯೆಂದು ಹೆಸರಿಟ್ಟರೆ ಅದು ಜೀತವೇ ಸರಿ. ಮಾನಸಿಕ ಚಿಕಿತ್ಸಾ ಸಂಸ್ಥೆಗಳಲ್ಲಿ ರೋಗಿಯನ್ನು ಬಲವಂತವಾಗಿ ದುಡಿಸಬಾರದು, ದುಡಿದರೆ ತಕ್ಕ ಸಂಭಾವನೆ ಸಲ್ಲಬೇಕೆಂದು 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆ ವಿಧಿಸಿದೆ. ಊರಿನ ಹೊಲಕ್ಕೂ ಅದೇ ನ್ಯಾಯವಿರಲಿ.

ನಮ್ಮ ರೈತರಿಗೆ ಮುಯ್ಯಾಳಿನ ಪದ್ಧತಿ ಗೊತ್ತು: ಇಂದು ನಾನು ನಿನ್ನ ಹೊಲಕ್ಕೆ, ನಾಳೆ ನೀನು ನನ್ನ ಹೊಲಕ್ಕೆ. ಬೇನೆಯಿಂದ ಚೇತರಿಸಿಕೊಂಡವನನ್ನೂ ಆ ಲೆಕ್ಕದಲ್ಲಿ ಸೇರಿಸಿಕೊಂಡ ದಿನ, ಅವನು ಕರುಣೆಯ ಪಾತ್ರನಾಗಿ ಉಳಿಯುವುದಿಲ್ಲ. ಊರಿನ ಒಬ್ಬ ಆಳಾಗುತ್ತಾನೆ.