ಶಂಕುಸ್ಥಾಪನೆಗೆ ಸಿಗುವ ಹಣ, ಹೊಲಗಾಲುವೆಗೆ ಯಾಕಿಲ್ಲ?

ವಾರಾಹಿ ನೀರಾವರಿ ಯೋಜನೆಗೆ 1979ರಲ್ಲಿ ಒಪ್ಪಿಗೆ ಸಿಕ್ಕಾಗ ಅದರ ಅಂದಾಜು ವೆಚ್ಚ 9.43 ಕೋಟಿ ರೂಪಾಯಿ. 2000ರ ದಶಕದ ಮಧ್ಯಭಾಗಕ್ಕೆ ಅದೇ ಕಡತದಲ್ಲಿ ಮೊತ್ತ 569 ಕೋಟಿ ದಾಟಿತ್ತು, ಆಮೇಲೂ ಏರಿತು. ಹಳೆಯ ಕುಂದಾಪುರ, ಉಡುಪಿ ತಾಲ್ಲೂಕುಗಳ 15,702 ಹೆಕ್ಟೇರಿಗೆ ನೀರುಣಿಸಬೇಕಾಗಿದ್ದ ಯೋಜನೆಯ ಎಡದಂಡೆ ಕಾಲುವೆಗೆ ನೀರು ಹರಿದದ್ದು 2015ರಲ್ಲಿ. ಸರ್ಕಾರ ದುಡ್ಡೇ ಕೊಡಲಿಲ್ಲ ಎಂಬ ಕರಾವಳಿಯ ಹಳೆಯ ದೂರು ಪೂರ್ತಿ ನಿಜವಲ್ಲ. ದುಡ್ಡು ಬಂತು, ಆದರೆ ಕಂತುಕಂತಾಗಿ ಬಂತು. ಒಂದು ಕಂತಿಗೂ ಇನ್ನೊಂದಕ್ಕೂ ನಡುವೆ ದರಪಟ್ಟಿ ಬದಲಾಯಿತು, ಹೊಸ ಅಂದಾಜು ಬೇಕಾಯಿತು, ಹೊಸ ಅಂದಾಜಿಗೆ ಮತ್ತೆ ಒಪ್ಪಿಗೆ ಬೇಕಾಯಿತು. ನಮ್ಮ ಪ್ರತಿನಿಧಿಗಳು ಬೆಂಗಳೂರಿನಲ್ಲಿ ಚೌಕಾಸಿ ಮಾಡಬೇಕಾದದ್ದು ಮೊತ್ತಕ್ಕಿಂತ ಹೆಚ್ಚಾಗಿ ಈ ಕಂತಿನ ಕ್ರಮದ ಬಗ್ಗೆ.

ವೆಚ್ಚ ಏರಿದ್ದು ಅರಣ್ಯ ಇಲಾಖೆಯ ಅನುಮತಿ, ಭೂಸ್ವಾಧೀನದ ತಕರಾರುಗಳಿಂದ ಎಂದು ಎಂಜಿನಿಯರುಗಳು ಹೇಳುತ್ತಾರೆ. ಒಪ್ಪಬಹುದಾದ ಮಾತೇ. ಆದರೆ ಕಾಲುವೆ ಕಾಡಿನಲ್ಲಿ ಹಾಯಬೇಕೆಂಬುದು ಮೊದಲ ನಕ್ಷೆ ಬರೆದ ದಿನವೇ ಗೊತ್ತಿತ್ತು. ಅನುಮತಿ ಕೈಗೆ ಬರುವ ಮೊದಲೇ ಟೆಂಡರ್ ಕರೆದು, ಗುದ್ದಲಿ ಪೂಜೆ ಮುಗಿಸುವ ರೂಢಿಗೆ ಯಾವ ಅರಣ್ಯ ಕಾಯ್ದೆಯೂ ಕಾರಣವಲ್ಲ. ಕೇಂದ್ರದ ತ್ವರಿತ ನೀರಾವರಿ ಪ್ರಯೋಜನ ಕಾರ್ಯಕ್ರಮಕ್ಕೆ ವಾರಾಹಿ ಸೇರಿದ್ದು 2007-08ರಲ್ಲಿ. ಮುಂದೆ ಪ್ರಧಾನಮಂತ್ರಿ ಕೃಷಿ ಸಿಂಚಾಯಿ ಯೋಜನೆಯಡಿ ದೇಶದ 99 ಕಾಮಗಾರಿಗಳನ್ನು ಆದ್ಯತೆಗೆ ಆರಿಸಿದಾಗ ಕರ್ನಾಟಕದ ಐದರಲ್ಲಿ ಅದು ಇರಲಿಲ್ಲ. ಮುಗಿಯುವ ಹಂತದ ಕೆಲಸಗಳಿಗಾಗಿ ಮಾಡಿದ ಪಟ್ಟಿ ಅದು. ಅಂಥ ಪಟ್ಟಿಯ ಮುಂದೆ ಬರಿಯ ಮನವಿ ಪತ್ರಕ್ಕೆ ತೂಕ ಕಡಿಮೆ.

ನಾಲ್ಕು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಸೀಮೆಗೆ ನೀರಾವರಿ ದುಡ್ಡೇಕೆ, ಕಲ್ಯಾಣ ಕರ್ನಾಟಕದ ಒಣ ತಾಲ್ಲೂಕುಗಳು ಕಾಯುತ್ತಿಲ್ಲವೇ ಎಂಬ ಪ್ರಶ್ನೆ ಗಟ್ಟಿಯಾದದ್ದು. ಅದಕ್ಕೆ ಉತ್ತರ ಕುಂದಾಪುರ ಕಡೆಯ ಹೊಸಂಗಡಿಯಲ್ಲಿದೆ. ಅಲ್ಲಿನ 460 ಮೆಗಾವಾಟ್ ಭೂಗತ ವಿದ್ಯುದಾಗಾರದಿಂದ ಹೊರಬೀಳುವ ನೀರನ್ನೇ ಈ ಯೋಜನೆ ಬಳಸುತ್ತದೆ. ದೊಡ್ಡ ಜಲಾಶಯದ ಖರ್ಚನ್ನು ವಿದ್ಯುತ್ ಯೋಜನೆ ಆಗಲೇ ಹೊತ್ತಿದೆ. ಉಳಿದಿರುವುದು ನೀರನ್ನು ತಡೆದು ತಿರುಗಿಸಿ ಬೈಲಿಗೆ ಮುಟ್ಟಿಸುವ ಕೆಲಸ. ಅದರಲ್ಲೂ ಹಿಂದೆ ಬಿದ್ದಿರುವುದು ಹೊಲಗಾಲುವೆ. ಮುಖ್ಯ ಕಾಲುವೆಯ ಕಾಂಕ್ರೀಟಿಗೆ ಫೋಟೊ ಸಿಗುತ್ತದೆ, ಎರಡು ಅಡಿ ಅಗಲದ ತೋಡಿಗೆ ಯಾರು ರಿಬ್ಬನ್ ಕತ್ತರಿಸುತ್ತಾರೆ? ಮಳೆಗಾಲದ ಬೆಳೆಗೆ ಇಲ್ಲಿ ಯಾರ ಹಂಗೂ ಬೇಡ. ಸುಗ್ಗಿ, ಕೊಳಕೆ ಎಂಬ ಎರಡನೆಯ, ಮೂರನೆಯ ಬೆಳೆಗಳು ಮಾತ್ರ ಮಳೆ ನಿಂತ ಮೇಲಿನ ನೀರನ್ನೇ ನೆಚ್ಚಿವೆ. ಬ್ರಹ್ಮಾವರದ ಸಹಕಾರಿ ಸಕ್ಕರೆ ಕಾರ್ಖಾನೆ ವಾರಾಹಿಯ ನೀರು ಬಂದೀತು, ಕಬ್ಬು ಬೆಳೆದೀತು ಎಂಬ ಲೆಕ್ಕದಲ್ಲಿ ಕಟ್ಟಿದ್ದು. ನೀರು ಬರುವ ಮೊದಲೇ ಅದು ಬಾಗಿಲು ಹಾಕಿತು. ತಡವಾದ ಕಂತಿನ ಬೆಲೆ ಯಾವ ಪರಿಷ್ಕೃತ ಅಂದಾಜಿನಲ್ಲೂ ನಮೂದಾಗುವುದಿಲ್ಲ.

ಬೈಂದೂರು ಕಡೆಯ ಸೌಪರ್ಣಿಕಾ, ಬ್ರಹ್ಮಾವರದ ಸೀತಾ ನದಿಗಳ ಕಿಂಡಿ ಅಣೆಕಟ್ಟುಗಳ ಕಥೆ ಚಿಕ್ಕದು, ಆದರೆ ಪಾಠ ಅದೇ. ಮಳೆ ನಿಂತ ಮೇಲೆ ಕಿಂಡಿಗೆ ಹಲಗೆ ಇಳಿಸಬೇಕು, ಎರಡು ಸಾಲಿನ ನಡುವೆ ಮಣ್ಣು ತುಂಬಬೇಕು, ಮುಂಗಾರಿಗೆ ಮೊದಲು ತೆಗೆಯಬೇಕು. ಹಲಗೆ ತಡವಾದರೆ ಭರತದ ಉಪ್ಪು ನೀರು ಮೇಲೇರಿ ಗದ್ದೆಗೂ ಬಾವಿಗೂ ನುಗ್ಗುತ್ತದೆ. ತೆಗೆಯಲು ತಡವಾದರೆ ನೆರೆಯಲ್ಲಿ ತೇಲಿಬಂದ ಮರದ ದಿಮ್ಮಿಗಳು ಸಿಕ್ಕಿಕೊಂಡು ಪಕ್ಕದ ದಂಡೆಯೇ ಕೊಚ್ಚಿಹೋಗುತ್ತದೆ. ಇದು ಸ್ಥಳೀಯರ ಜವಾಬ್ದಾರಿ, ಪಂಚಾಯಿತಿ ನೋಡಿಕೊಳ್ಳಲಿ ಎನ್ನುವವರಿದ್ದಾರೆ. ನೋಡಿಕೊಳ್ಳಬಹುದು, ಹಲಗೆಯ ದುಡ್ಡು ಅಕ್ಟೋಬರಿನೊಳಗೆ ಖಾತೆಗೆ ಬಿದ್ದರೆ. ಮಾರ್ಚ್ ಕೊನೆಯ ವಾರ ಬಿಡುಗಡೆಯಾದ ಅನುದಾನದಿಂದ ಡಿಸೆಂಬರಿನ ಉಪ್ಪು ನೀರನ್ನು ತಡೆಯಲಾಗದು.

ಹಾಗಾಗಿ ಕುಂದಾಪುರ, ಬೈಂದೂರು, ಬ್ರಹ್ಮಾವರ ಈ ಮೂರು ತಾಲ್ಲೂಕುಗಳ ಶಾಸಕರು, ಯಾವ ಪಕ್ಷದವರೇ ಇರಲಿ, ಮುಂದಿನ ಬಜೆಟ್ಟಿಗೆ ಮುಂಚೆ ಹೊಸ ಅಣೆಕಟ್ಟಿನ ಪಟ್ಟಿ ಹಿಡಿದು ಹೋಗುವುದಕ್ಕಿಂತ ಬಾಕಿ ಹೊಲಗಾಲುವೆಗಳ ಉದ್ದ, ಪ್ರತಿ ಕಿಂಡಿ ಅಣೆಕಟ್ಟಿನ ಹತ್ತು ವರ್ಷದ ನಿರ್ವಹಣಾ ಖರ್ಚು, ಹಣ ಬಿಡುಗಡೆಯ ತಿಂಗಳು, ಈ ಮೂರನ್ನು ಒಂದೇ ಮಂಜೂರಾತಿ ಆದೇಶದಲ್ಲಿ ಬರೆಸಿಕೊಂಡು ಬರಬೇಕು. ಆಗ ಶಂಕುಸ್ಥಾಪನೆಯ ಕಲ್ಲುಗಳು ಒಂದೆರಡು ಕಡಿಮೆಯಾದಾವು.