ತೆಗಿ ಅಂದರು, ಹಾಕು ಅಂದರು

ಅಕ್ಕಂದಿರೇ, ತಲೆ ಮೇಲೆ ಸೆರಗು ಹೊದೆಯೋದು ನಮಗೆ ಹೊಸದಲ್ಲ. ಕೆಲವರು ಹೊದೆಯುತ್ತೇವೆ, ಕೆಲವರು ಇಲ್ಲ. ಆದರೆ ಸರ್ಕಾರವೇ ಬಂದು "ತೆಗಿ" ಅಂದರೆ? "ಹಾಕು" ಅಂದರೆ? ಇರಾನ್ ದೇಶದಲ್ಲಿ ಎರಡೂ ನಡೆಯಿತು.

ಇರಾನ್ ಪಾಕಿಸ್ತಾನದ ಆಚೆಗಿದೆ. ಅಲ್ಲಿಯ ಜನರಲ್ಲಿ ಬಹಳ ಮಂದಿ ಮುಸ್ಲಿಮರು. ರಾಜಧಾನಿಯ ಹೆಸರು ಟೆಹರಾನ್.

ಅಲ್ಲಿ ಅನೇಕ ಹೆಂಗಸರು ಹೊರಗೆ ಹೋಗುವಾಗ ಚಾದರ ಹೊದೆಯುತ್ತಾರೆ. ನಾವು ರಾತ್ರಿ ಹೊದ್ದು ಮಲಗುವ ಚಾದರ ಅಲ್ಲ. ಹೆಸರು ಮಾತ್ರ ಒಂದೇ. ಆ ಪದ ನಮಗೆ ಅವರ ಪಾರಸಿ ಭಾಷೆಯಿಂದ ಬಂದದ್ದು. ಅದು ಅರ್ಧಚಂದ್ರದ ಆಕಾರದ ದೊಡ್ಡ ಬಟ್ಟೆ. ತಲೆಯಿಂದ ಕಾಲಿನವರೆಗೆ ಇಳಿಯುತ್ತದೆ. ಗುಂಡಿ ಇಲ್ಲ. ಗಲ್ಲದ ಕೆಳಗೆ ಕೈಯಲ್ಲಿ ಹಿಡಿದುಕೊಳ್ಳಬೇಕು. ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಚೀಲ ಇದ್ದರೆ ಹಲ್ಲಿನಲ್ಲಿ ಕಚ್ಚಿಕೊಳ್ಳುತ್ತಾರೆ. ಸೆರಗು ಜಾರಿದಾಗ ನಾವೂ ಹಾಗೇ ಮಾಡ್ತೀವಲ್ಲ!

ಆಗ ಇರಾನಿನಲ್ಲಿ ರೆಜಾ ಶಾ ಎಂಬ ದೊರೆ ಇದ್ದ. ತನ್ನ ದೇಶ ಯುರೋಪಿನ ಹಾಗೆ ಕಾಣಬೇಕು ಅಂತ ಅವನ ಆಸೆ. 1936ರ ಜನವರಿ 8ರಂದು ಟೆಹರಾನಿನ ಒಂದು ಶಿಕ್ಷಕರ ತರಬೇತಿ ಶಾಲೆಯಲ್ಲಿ ಸಮಾರಂಭ ನಡೆಯಿತು. ರಾಣಿಯೂ ಇಬ್ಬರು ರಾಜಕುಮಾರಿಯರೂ ಚಾದರ ಇಲ್ಲದೆ ಬಂದರು. ಆಮೇಲೆ ದೇಶದಲ್ಲೆಲ್ಲ ಚಾದರ ಬಂದ್.

ಕೆಲವು ಹೆಂಗಸರಿಗೆ ಇದರಿಂದ ಸಂತೋಷವೇ ಆಯಿತು. ಓದಿದವರು ಕೆಲವರು ಮೊದಲೇ ತಾವಾಗಿ ತೆಗೆದಿದ್ದರು. ಉಳಿದವರ ಪಾಡೇನು? ಪೊಲೀಸರು ಬೀದಿಯಲ್ಲಿ ತಡೆದು ತಲೆಯ ಮೇಲಿನ ಬಟ್ಟೆ ಕಿತ್ತರು. ಹರಿದು ಹಾಕಿದರು. ಚಾದರ ಹೊದ್ದವರನ್ನು ಬಸ್ಸಿಗೆ ಹತ್ತಿಸಬಾರದು ಎಂಬ ಆಜ್ಞೆಯೂ ಆಯಿತು.

ಎಷ್ಟೋ ಹೆಂಗಸರು ಮನೆ ಬಿಟ್ಟು ಹೊರಗೇ ಬರಲಿಲ್ಲ. ಅಲ್ಲಿ ಆಗ ಬಹಳ ಮನೆಗಳಲ್ಲಿ ಬಚ್ಚಲು ಇರಲಿಲ್ಲ. ಸ್ನಾನಕ್ಕೆ ಊರಿನ ಸ್ನಾನದ ಮನೆಗೇ ಹೋಗಬೇಕು. ಬೀದಿಯಲ್ಲಿ ಪೊಲೀಸರು. ಕತ್ತಲಾದ ಮೇಲೆ ಮಾಳಿಗೆಯಿಂದ ಮಾಳಿಗೆಗೆ ದಾಟಿ ಹೋಗುತ್ತಿದ್ದೆವು ಅಂತ ಆ ಕಾಲದವರು ಹೇಳಿದ್ದಾರೆ. ಹೆಣ್ಣುಮಕ್ಕಳನ್ನು ಶಾಲೆಯಿಂದ ಬಿಡಿಸಿದ ಅಪ್ಪಂದಿರೂ ಇದ್ದರು. ಹೆಂಗಸರನ್ನು ಹೊರಗೆ ತರುತ್ತೇವೆ ಅಂತ ಮಾಡಿದ ಆಜ್ಞೆ ಎಷ್ಟೋ ಮಂದಿಯನ್ನು ಒಳಗೇ ಕೂರಿಸಿತು.

1941ರಲ್ಲಿ ದೊರೆ ಪಟ್ಟ ಬಿಟ್ಟ. ಮಗ ದೊರೆಯಾದ. ಬಲವಂತ ನಿಂತಿತು. ಹೊದೆಯುವವರು ಹೊದ್ದರು, ಬೇಡದವರು ಬಿಟ್ಟರು.

1979ರಲ್ಲಿ ಜನ ಆ ಮಗನನ್ನೂ ಓಡಿಸಿದರು. ಆ ಹೋರಾಟದಲ್ಲಿ ಹೆಂಗಸರೂ ಸಾವಿರ ಸಾವಿರ ಸಂಖ್ಯೆಯಲ್ಲಿ ಬೀದಿಗೆ ಬಂದರು. ಎಂದೂ ಚಾದರ ಹೊದೆಯದವರೂ ದೊರೆಯ ಮೇಲಿನ ಸಿಟ್ಟಿಗೆ ಅದನ್ನು ಹೊದ್ದು ಬಂದರು. ಹೊಸ ನಾಯಕ ಖೊಮೇನಿ ಧರ್ಮಗುರು. ಅಧಿಕಾರ ಬಂದು ತಿಂಗಳಾಗುವುದರೊಳಗೆ ಅವರು, ಸರ್ಕಾರಿ ಕಚೇರಿಗೆ ಹೆಂಗಸರು ತಲೆ ಮುಚ್ಚಿಕೊಂಡೇ ಬರಬೇಕು ಅಂದರು. ಮಾರ್ಚ್ 8, ಮಹಿಳಾ ದಿನ. ಟೆಹರಾನಿನ ಹೆಂಗಸರು ಮೆರವಣಿಗೆ ಹೊರಟರು. ಕೆಲವು ದಿನ ಬಿಡಲೇ ಇಲ್ಲ. ಸರ್ಕಾರ ಆಗ ಹಿಂದೆ ಸರಿಯಿತು. ಆದರೆ 1983ರಲ್ಲಿ ಕಾನೂನೇ ಬಂತು. ತಲೆ ಮುಚ್ಚದ ಹೆಂಗಸಿಗೆ 74 ಛಡಿ ಏಟಿನವರೆಗೆ ಶಿಕ್ಷೆ! ಮುಸ್ಲಿಮರಲ್ಲದ ಹೆಂಗಸರಿಗೂ ಇದೇ ಕಾನೂನು.

ಇಲ್ಲಿ ಒಂದು ಮಾತು ಹೇಳಲೇಬೇಕು. 1976ರಲ್ಲಿ ಆರು ವರ್ಷ ದಾಟಿದ ನೂರು ಮಂದಿ ಹೆಂಗಸರಲ್ಲಿ ಸುಮಾರು 35 ಮಂದಿಗೆ ಅಕ್ಷರ ಬರುತ್ತಿತ್ತು. 1996ಕ್ಕೆ ಅದು ಸುಮಾರು 74 ಆಯಿತು. ಹಳ್ಳಿಗಳಿಗೆ ಶಾಲೆ ಬಂತು. ಅಲ್ಲಿಯೂ ನಮ್ಮ ಹಾಗೆ ಸಾಕ್ಷರತೆ ಚಳವಳಿ ನಡೆಯಿತು. ಎಲ್ಲರೂ ತಲೆ ಮುಚ್ಚಿಕೊಂಡೇ ಹೋಗುತ್ತಾರೆ, ಇನ್ನು ಭಯವಿಲ್ಲ ಅಂತ ಮಗಳನ್ನು ಶಾಲೆಗೆ ಕಳಿಸಿದ ಅಪ್ಪಂದಿರೂ ಇದ್ದರು.

ಹಾಗೆ ಓದಿದ ಹೆಣ್ಣುಮಕ್ಕಳೇ ಆಮೇಲೆ ಪ್ರಶ್ನೆ ಕೇಳಿದರು. 2017ರ ಡಿಸೆಂಬರಿನಲ್ಲಿ ಒಬ್ಬ ಹೆಂಗಸು ಟೆಹರಾನಿನ ಬೀದಿಯಲ್ಲಿ ಒಂದು ಡಬ್ಬದ ಮೇಲೆ ಹತ್ತಿದಳು. ತನ್ನ ಬಿಳಿ ತಲೆಬಟ್ಟೆಯನ್ನು ಕೋಲಿಗೆ ಕಟ್ಟಿ ಎತ್ತಿ ಹಿಡಿದು ಸುಮ್ಮನೆ ನಿಂತಳು. ಪೊಲೀಸರು ಹಿಡಿದುಕೊಂಡು ಹೋದರು.

2022ರ ಸೆಪ್ಟೆಂಬರಿನಲ್ಲಿ ಮಹಸಾ ಅಮೀನಿ ಎಂಬ 22 ವರ್ಷದ ಹುಡುಗಿ ಟೆಹರಾನಿಗೆ ಬಂದಿದ್ದಳು. ತಲೆಬಟ್ಟೆ ಸರಿಯಿಲ್ಲ ಅಂತ ಪೊಲೀಸರು ಹಿಡಿದರು. ಮೂರು ದಿನದಲ್ಲಿ ಆಸ್ಪತ್ರೆಯಲ್ಲಿ ಸತ್ತಳು. ಕಾಯಿಲೆ ಇತ್ತು ಅಂದಿತು ಸರ್ಕಾರ. ಹೊಡೆದರು ಅಂದರು ಮನೆಯವರು. ದೇಶವೇ ಎದ್ದಿತು. "ಹೆಣ್ಣು, ಬದುಕು, ಸ್ವಾತಂತ್ರ್ಯ" ಅಂತ ಕೂಗಿದರು. ನೂರಾರು ಜನ ಸತ್ತರು. ಚಾದರ ಹೊದ್ದ ಹೆಂಗಸರೂ ಆ ಗುಂಪಿನಲ್ಲಿದ್ದರು. ನಾನು ಹೊದೆಯುತ್ತೇನೆ, ಬೇಡ ಎನ್ನುವವಳನ್ನು ಹೊಡೆಯಬೇಡಿ ಎಂಬುದು ಅವರ ಮಾತು.

ಇನ್ನೂ ಬಿಗಿಯಾದ ಒಂದು ಕಾನೂನನ್ನು ಸರ್ಕಾರ ಸಿದ್ಧ ಮಾಡಿತ್ತು. ಜನರ ಸಿಟ್ಟಿಗೆ ಅಂಜಿ 2024ರ ಡಿಸೆಂಬರಿನಲ್ಲಿ ಅದನ್ನು ತಡೆಹಿಡಿಯಿತು. ಹಳೆಯ ಕಾನೂನು ಹಾಗೇ ಉಳಿಯಿತು. ಆದರೂ ಟೆಹರಾನಿನ ಪೇಟೆಯಲ್ಲಿ ಚಾದರ ಹೊದ್ದ ತಾಯಿಯೂ ಬರಿತಲೆಯ ಮಗಳೂ ಜೊತೆಯಲ್ಲೇ ತರಕಾರಿ ಕೊಳ್ಳುವುದನ್ನು ಜನ ಕಂಡಿದ್ದಾರೆ.