ಬಾಂಗ್ಲಾದೇಶದ ಆರ್ಥಿಕ ಅಭಿವೃದ್ಧಿ ಮತ್ತು ಸುಧಾರಣೆಯ ಸವಾಲುಗಳು

ಬಾಂಗ್ಲಾದೇಶವು 16 ಕೋಟಿಗೂ ಹೆಚ್ಚು ಜನಸಂಖ್ಯೆಯುಳ್ಳ ದಕ್ಷಿಣ ಏಷ್ಯಾದ ಅಭಿವೃದ್ಧಿಶೀಲ ರಾಷ್ಟ್ರ. 1971ರಲ್ಲಿ ಸ್ವತಂತ್ರವಾದ ಈ ದೇಶವು 1974ರಲ್ಲಿ ಭೀಕರ ಕ್ಷಾಮಕ್ಕೆ ತುತ್ತಾಯಿತು. ಮರುವರ್ಷ ವಿಶ್ವಸಂಸ್ಥೆಯು ಇದನ್ನು ಅತಿ ಹಿಂದುಳಿದ ರಾಷ್ಟ್ರಗಳ ಪಟ್ಟಿಗೆ ಸೇರಿಸಿತು. 2015ರಲ್ಲಿ ವಿಶ್ವಬ್ಯಾಂಕ್ ಇದನ್ನು ಕೆಳಮಧ್ಯಮ ಆದಾಯದ ರಾಷ್ಟ್ರವೆಂದು ವರ್ಗೀಕರಿಸಿತು. ಈ ಏಳಿಗೆಗೆ ಮುಖ್ಯ ಆಧಾರವಾದ ಸಿದ್ಧ ಉಡುಪು ಉದ್ಯಮದ ಮೇಲಿನ ಅತಿಯಾದ ಅವಲಂಬನೆಯೇ ಇಂದು ದೇಶದ ದೊಡ್ಡ ಸವಾಲಾಗಿದೆ.

ಸಿದ್ಧ ಉಡುಪು ಉದ್ಯಮ

ಆರಂಭದಲ್ಲಿ ಸೆಣಬು ದೇಶದ ಪ್ರಮುಖ ರಫ್ತು ಸರಕಾಗಿತ್ತು. 1974ರಿಂದ ಶ್ರೀಮಂತ ರಾಷ್ಟ್ರಗಳು ಉಡುಪುಗಳ ಆಮದಿಗೆ ದೇಶವಾರು ಮಿತಿ ಹೇರಿದವು. ಈ ಮಿತಿಯಿಂದ ಕಟ್ಟುಬಿದ್ದ ದಕ್ಷಿಣ ಕೊರಿಯಾದ ಉದ್ಯಮಿಗಳು ಹೊಸ ನೆಲೆಗಳನ್ನು ಅರಸಿದರು. 1979ರಲ್ಲಿ ಅಲ್ಲಿನ ದೇವೂ ಸಂಸ್ಥೆಯು ಬಾಂಗ್ಲಾದೇಶದ ದೇಶ್ ಗಾರ್ಮೆಂಟ್ಸ್ ಸಂಸ್ಥೆಯ ಸುಮಾರು 130 ಮಂದಿಗೆ ತರಬೇತಿ ನೀಡಿತು. ಅವರಲ್ಲಿ ಅನೇಕರು ಮುಂದೆ ಸ್ವಂತ ಕಾರ್ಖಾನೆಗಳನ್ನು ತೆರೆದರು. ಬಟ್ಟೆಯನ್ನು ಸುಂಕವಿಲ್ಲದೆ ತರಿಸಿಕೊಂಡು, ಉಡುಪು ರಫ್ತಾದ ಬಳಿಕ ಅದರ ಬೆಲೆ ತೀರಿಸಲು ಸರ್ಕಾರವು ಅವಕಾಶ ಕಲ್ಪಿಸಿದ್ದರಿಂದ ಅಲ್ಪ ಬಂಡವಾಳದವರೂ ಈ ಕ್ಷೇತ್ರಕ್ಕೆ ಕಾಲಿಟ್ಟರು. ಪ್ರಸ್ತುತ ರಫ್ತು ಆದಾಯದ ಶೇ. 80ಕ್ಕೂ ಹೆಚ್ಚು ಭಾಗ ಉಡುಪುಗಳಿಂದಲೇ ಬರುತ್ತದೆ. ಸುಮಾರು 40 ಲಕ್ಷ ಕಾರ್ಮಿಕರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಮಹಿಳೆಯರು.

ಕಾರ್ಮಿಕರ ಸುರಕ್ಷತೆ

2013ರ ಏಪ್ರಿಲ್ 24ರಂದು ಢಾಕಾ ಸಮೀಪದ ಸವಾರ್‌ನಲ್ಲಿ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನರು ಮೃತಪಟ್ಟರು. ಹಿಂದಿನ ದಿನವೇ ಬಿರುಕುಗಳು ಕಾಣಿಸಿಕೊಂಡಿದ್ದರಿಂದ ಅದೇ ಕಟ್ಟಡದ ಬ್ಯಾಂಕ್ ಶಾಖೆಯನ್ನು ಮುಚ್ಚಲಾಗಿತ್ತು. ಉಡುಪು ಕಾರ್ಮಿಕರನ್ನು ಮಾತ್ರ ಮರುದಿನ ಕೆಲಸಕ್ಕೆ ಕರೆಯಲಾಯಿತು. ಈ ದುರಂತದ ನಂತರ ವಿದೇಶಿ ಖರೀದಿದಾರರು ಹಾಗೂ ಕಾರ್ಮಿಕ ಸಂಘಟನೆಗಳ ನಡುವೆ ಕಾನೂನುಬದ್ಧ ಒಪ್ಪಂದವಾಗಿ ಕಾರ್ಖಾನೆಗಳ ತಪಾಸಣೆ ಆರಂಭವಾಯಿತು. ಕಾರ್ಮಿಕ ಕಾಯಿದೆಗೂ ತಿದ್ದುಪಡಿಯಾಯಿತು.

ಸುಧಾರಣೆಯ ಸವಾಲುಗಳು

ದೇಶದ ತೆರಿಗೆ ಸಂಗ್ರಹವು ಒಟ್ಟು ಆಂತರಿಕ ಉತ್ಪನ್ನದ ಶೇ. 10ಕ್ಕಿಂತ ಕಡಿಮೆಯಿರುವುದರಿಂದ ಶಿಕ್ಷಣ ಮತ್ತು ಆರೋಗ್ಯಕ್ಕೆ ದೊರೆಯುವ ಹಣ ಸೀಮಿತ. ಬ್ಯಾಂಕುಗಳಲ್ಲಿ ಸುಸ್ತಿ ಸಾಲದ ಹೊರೆಯೂ ಅಧಿಕವಾಗಿದೆ. 2023ರ ಜನವರಿಯಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿಯು 470 ಕೋಟಿ ಡಾಲರ್ ನೆರವನ್ನು ಮಂಜೂರು ಮಾಡಿ, ತೆರಿಗೆ ಹಾಗೂ ಬ್ಯಾಂಕಿಂಗ್ ಸುಧಾರಣೆಗಳನ್ನು ಅಪೇಕ್ಷಿಸಿತು. ವಿದ್ಯಾವಂತ ಯುವಜನರ ನಿರುದ್ಯೋಗವು ಇನ್ನೊಂದು ಸಮಸ್ಯೆ. ಸರ್ಕಾರಿ ಹುದ್ದೆಗಳಲ್ಲಿನ ಮೀಸಲಾತಿಯ ವಿರುದ್ಧ 2024ರಲ್ಲಿ ಆರಂಭವಾದ ವಿದ್ಯಾರ್ಥಿ ಚಳವಳಿಯು ವ್ಯಾಪಕವಾಗಿ ಬೆಳೆದು, ಆಗಸ್ಟ್ 5ರಂದು ಪ್ರಧಾನಿ ಶೇಖ್ ಹಸೀನಾ ಅಧಿಕಾರ ತ್ಯಜಿಸಿ ದೇಶ ಬಿಡುವುದರೊಂದಿಗೆ ಕೊನೆಗೊಂಡಿತು.

ಬಾಂಗ್ಲಾದೇಶವು ಅತಿ ಹಿಂದುಳಿದ ರಾಷ್ಟ್ರಗಳ ಪಟ್ಟಿಯಿಂದ ಹೊರಬರಲು ವಿಶ್ವಸಂಸ್ಥೆಯು 2021ರಲ್ಲಿ, 2026ರ ನವೆಂಬರ್ 24ನ್ನು ನಿಗದಿಪಡಿಸಿತು. ಇದು ಗೌರವದ ವಿಷಯವಾದರೂ, ಹಿಂದುಳಿದ ರಾಷ್ಟ್ರವೆಂಬ ಕಾರಣಕ್ಕೆ ಅದರ ಉಡುಪುಗಳಿಗೆ ದೊರೆಯುತ್ತಿರುವ ಸುಂಕ ವಿನಾಯಿತಿ ಕ್ರಮೇಣ ಇಲ್ಲವಾಗುತ್ತದೆ. ಪ್ರತಿಸ್ಪರ್ಧಿಯಾದ ವಿಯೆಟ್ನಾಂ 2020ರಿಂದಲೇ ಯುರೋಪಿಯನ್ ಒಕ್ಕೂಟದೊಂದಿಗೆ ಮುಕ್ತ ವ್ಯಾಪಾರ ಒಪ್ಪಂದವನ್ನು ಹೊಂದಿದೆ. ಆದ್ದರಿಂದ ಚರ್ಮ, ಔಷಧ ಮೊದಲಾದ ಇತರ ಉದ್ಯಮಗಳ ಬೆಳವಣಿಗೆ ಬಾಂಗ್ಲಾದೇಶಕ್ಕೆ ಅನಿವಾರ್ಯವಾಗಿದೆ.